ಜಿಡ್ಡಿನ ಪೆಟ್ಟಿಗೆ ಮತ್ತು ನನ್ನ ಬಿ.ಎಸ್ಸಿ.

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು "ಇಷ್ಟೇ ತಾನೆ?" ಎಂದೆ. ಎಲ್ಲ ಕೆಡಲು ಶುರುವಾದದ್ದು ಆ ನಿಮಿಷದಿಂದಲೇ.

ಸಯನ್ ಸ್ಟೇಷನ್ನಿನ ಹತ್ತಿರ, ಒಂದು ಹಳೇ ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಗಲ್ಲಾದಲ್ಲಿ ನಮ್ಮ ಯಜಮಾನರು, ಒಲೆಯ ಮುಂದೆ ಭಟ್ರು, ಎಲ್ಲದರ ಮೇಲೆ ಅಭಿಪ್ರಾಯ ಕೊಡಲು ನಾನು. ನನಗೆ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಆಗಿದೆ. ಮದುವೆಯಾದಾಗಿನಿಂದ ಈ ಸಂಗತಿಯನ್ನು ಯಾರಿಗೂ ಮರೆಯಲು ಬಿಟ್ಟಿಲ್ಲ.

ಹಿಂದಿನ ವಾರ ವಾರ್ಡ್ ಆಫೀಸಿನ ಮೇಡಂ ಬಂದಿದ್ದರು. ಪಾತ್ರೆ ತೊಳೆದ ಎಣ್ಣೆಯೆಲ್ಲ ಗಟಾರಕ್ಕೆ ಹೋಗುತ್ತಿದೆ, ಗ್ರೀಸ್ ಟ್ರ್ಯಾಪ್ ಹಾಕಿಸಿ, ಶುಕ್ರವಾರ ಬಂದು ನೋಡುತ್ತೇನೆ, ಸರಿಯಿಲ್ಲದಿದ್ದರೆ ಹೋಟೆಲ್ ಬಂದ್ ಎಂದು ಹೇಳಿ ಹೋದರು. ಕಾಫಿ ಕೂಡ ಕುಡಿಯಲಿಲ್ಲ! ಆಗಲೇ ನಮ್ಮವರ ಮುಖ ಬಿಳುಚಿತು. ಹೋಟೆಲ್ ಬಾಗಿಲು ಹಾಕಿದರೆ ನಮ್ಮ ಮನೆಯ ಒಲೆಯೂ ಉರಿಯುವುದಿಲ್ಲ.

"ಟ್ರ್ಯಾಪ್ ಅಂದ್ರೆ ಬೋನು ಅಲ್ವಾ? ಇಲಿಗೆ ಇಡುವ ಹಾಗಿನದ್ದಾ?" ಎಂದು ಇವರು ಕೇಳಿದರು.

ಸೋಮವಾರ ಬಂದದ್ದು ಸಿಂಕಿನ ಕೆಳಗೆ ಕೂರುವ ಒಂದು ಸ್ಟೀಲ್ ಪೆಟ್ಟಿಗೆ. ಸಿಂಕಿನ ನೀರು ಅದರೊಳಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನೀರು ತಳದಿಂದ ಗಟಾರಕ್ಕೆ ಹೋಗುತ್ತದೆ. "ಇಷ್ಟೇ ತಾನೆ? ಇದರ ಜವಾಬ್ದಾರಿ ನನಗೆ ಬಿಡಿ" ಎಂದೆ. ಕೂರಿಸಲು ಬಂದವನು ಇನ್ನೂ ಏನೋ ಹೇಳುತ್ತಿದ್ದ. ನಾನು ಆಗ ಇವರಿಗೆ ಎಣ್ಣೆಯ ಸಾಂದ್ರತೆಯ ಬಗ್ಗೆ ಪಾಠ ಮಾಡುತ್ತಿದ್ದುದರಿಂದ ಅದು ಕಿವಿಗೆ ಬೀಳಲಿಲ್ಲ.

ಅಷ್ಟರಲ್ಲಿ ಭಟ್ರು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದಾಗಿತ್ತು. ನಮ್ಮಲ್ಲಿ ಹೊಸ ಗ್ರೈಂಡರ್ ಬಂದರೂ ಇದೇ ಮರ್ಯಾದೆ. ಆದರೆ ಗ್ರೈಂಡರಿನೊಳಗೆ ಹೋಗುವುದು ಅಕ್ಕಿ, ಇದರೊಳಗೆ ಹೋಗುವುದು ಮುಸುರೆ!

"ಅಮ್ಮ, ಪೂಜೆ ಮಾಡಿದ್ದರ ಹೊಟ್ಟೆಯಲ್ಲಿ ಮುಸುರೆ ಇಟ್ಟುಕೊಂಡು ಅಡುಗೆ ಮಾಡುವುದು ಹೇಗೆ? ನನ್ನಿಂದ ಆಗ್ಲಿಕ್ಕಿಲ್ಲ" ಎಂದರು ಭಟ್ರು.

ಅವರ ಮಾತಿಗೆ ನಾನು ನಕ್ಕೆ. ಆದರೆ ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಮುಸುರೆ ಪಾತ್ರೆ ತಿಕ್ಕದೆ ಮಲಗಿದರೆ ದರಿದ್ರ ಬರುತ್ತದೆ ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಬಿ.ಎಸ್ಸಿ. ಓದಿದ್ದು ಆಮೇಲೆ.

ಶುಕ್ರವಾರ ಬೆಳಗ್ಗೆ ಮುಚ್ಚಳ ತೆಗೆದು ನೋಡಿದೆ. ಮೇಲೆಲ್ಲ ಬೆಣ್ಣೆ ಹಾಗೆ ಗಟ್ಟಿಯಾದ ಬಿಳಿ ಪದರ! ನಾಲ್ಕು ದಿನದಲ್ಲಿ ಇಷ್ಟೊಂದು ಎಣ್ಣೆ ಎಲ್ಲಿಂದ ಬಂತು? ವರ್ಷಗಟ್ಟಲೆ ಇದೆಲ್ಲ ಎಲ್ಲಿಗೆ ಹೋಗುತ್ತಿತ್ತು? ಈ ಕುತೂಹಲ ನನ್ನನ್ನು ಸರಿಯಾದ ದಾರಿಗೆ ತರಬಹುದಿತ್ತು. ಆದರೆ ಮೇಡಂ ಬರುವ ಹೊತ್ತಾಗಿತ್ತು. ಅವರು ಮುಚ್ಚಳ ತೆಗೆದಾಗ ಮುಸುರೆ ಕಂಡರೆ ನಮ್ಮ ಮಾನ ಏನಾಗಬೇಕು?

ಆಗ ವಿದ್ಯೆ ನೆನಪಾಯಿತು. ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿಸಿದರೆ ಸೋಪಾಗುತ್ತದೆ! ಜಿಡ್ಡೂ ಹೋಯಿತು, ಪೆಟ್ಟಿಗೆಯೂ ತೊಳೆದಂತಾಯಿತು. ಮೋರಿ ಕಟ್ಟಿದಾಗ ಹಾಕಲು ತಂದಿಟ್ಟಿದ್ದ ಪ್ಯಾಕೆಟ್ ಪೂರ್ತಿ ಸುರಿದೆ. ಕೆಲಸ ಬೇಗ ಆಗಲಿ ಎಂದು ಇಡ್ಲಿ ಪಾತ್ರೆಯ ಕುದಿಯುವ ನೀರನ್ನೂ ಹೊಯ್ದು ಮುಚ್ಚಳ ಮುಚ್ಚಿದೆ.

"ಅಮ್ಮ, ಪೆಟ್ಟಿಗೆ ಬುಸುಗುಡ್ತಾ ಉಂಟು!" ಎಂದು ಭಟ್ರು ಹಿಂದೆ ಸರಿದರು.

"ಅದು ರಾಸಾಯನಿಕ ಕ್ರಿಯೆ ಯಶಸ್ವಿಯಾಗಿ ನಡೆಯುತ್ತಿರುವ ಲಕ್ಷಣ" ಎಂದೆ, ಪರೀಕ್ಷೆಯ ಉತ್ತರ ಬರೆಯುವ ಧಾಟಿಯಲ್ಲಿ.

ಸದ್ದು ಕೇಳಿ ನಮ್ಮವರು ಗಲ್ಲಾ ಬಿಟ್ಟು ಬಂದರು. "ಎಂತ ಮಾರಾಯ್ತಿ ಒಳಗೆ?" ಎನ್ನುತ್ತ ಮೊಣಕಾಲೂರಿ, ಮುಖವನ್ನು ಮುಚ್ಚಳದ ಹತ್ತಿರ ತಂದು, ಕೈ ಚಾಚಿದರು.

ಆ ಗಳಿಗೆ ಹೊರಗಿಂದ ಕೂಗು ಬಂತು. "ಅಣ್ಣಾ! ಸಾಂಬಾರ್!"

ಮೂರನೇ ಮೇಜಿನ ಕಾಕಾ. ಒಂದು ವಡೆ ತರಿಸಿಕೊಂಡು ನಾಲ್ಕು ಬಟ್ಟಲು ಸಾಂಬಾರ್ ಹಾಕಿಸಿಕೊಳ್ಳುವ ಮನುಷ್ಯ. ನಮ್ಮವರು ಹೋಟೆಲಿನ ಶತ್ರುಗಳ ಪೈಕಿ ಎಣಿಸಿರುವುದು ಅವರೊಬ್ಬರನ್ನೇ.

"ಬಂತು ನೋಡು ಪೀಡೆ!" ಎಂದು ಇವರು ಎದ್ದು ಎರಡು ಹೆಜ್ಜೆ ಹೋಗಿರಬೇಕು. ಮುಚ್ಚಳ ಹಾರಿತು. ಕುದಿಯುವ ಬಿಳಿ ನೊರೆ ಚಿಮ್ಮಿ, ಇವರ ಮುಖ ಇದ್ದ ಜಾಗವನ್ನು ದಾಟಿ ಗೋಡೆಗೆ ಬಡಿಯಿತು. ಗೋಡೆಯ ಬಣ್ಣ ನಮ್ಮ ಕಣ್ಣೆದುರಿಗೇ ಗುಳ್ಳೆ ಎದ್ದು ಜಾರಿತು. ಹಾರದ ಚೆಂಡು ಹೂಗಳು ಬೆಂದ ಸೊಪ್ಪಾದವು.

ಮೂವರೂ ಗೋಡೆಯನ್ನು ನೋಡುತ್ತ ನಿಂತೆವು.

"ಅಣ್ಣಾ, ಸಾಂಬಾರ್ ಎಲ್ಲಿ?" ಎಂದು ಕಾಕಾ ಮತ್ತೆ ಕೂಗಿದರು. ನಮ್ಮವರು ಸಾಂಬಾರಿನ ಬಕೆಟ್ಟನ್ನೇ ಒಯ್ದು ಅವರ ಮೇಜಿನ ಮೇಲಿಟ್ಟು ಬಂದರು!

ಇತ್ತ ಪೆಟ್ಟಿಗೆಯಿಂದ ಕರಗಿ ಹೊರಟ ಜಿಡ್ಡು ಗಟಾರದಲ್ಲಿ ತಣ್ಣಗಾಗಿ ಗಟ್ಟಿಯಾಗಿ ಕೂತಿತ್ತು. ದಾರಿ ಸಿಗದ ನೊರೆ ಬಿಲ್ಡಿಂಗಿನ ಗೇಟಿನ ಹತ್ತಿರ ಮೇಲೆದ್ದಿತು. ಅದೇ ನೊರೆಯನ್ನು ಸೀರೆ ಎತ್ತಿ ಹಿಡಿದು ದಾಟಿಕೊಂಡು ವಾರ್ಡ್ ಆಫೀಸಿನ ಮೇಡಂ ಒಳಗೆ ಬಂದರು.

ಬಗ್ಗಿ ಪೆಟ್ಟಿಗೆ ನೋಡಿದರು. ಒಳಗೆ ಫಳಫಳ! ಹೊಳಪನ್ನು ಮೆಚ್ಚುತ್ತಾರೆಂದು ನಾನು ಕಾದೆ.

"ತೇಲ್ ಕಿಧರ್ ಹೈ?" ಎಣ್ಣೆ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು.

"ಬಿಲ್ಕುಲ್ ನಹೀ ಹೈ ಮೇಡಂ! ಏಕ್‌ದಮ್ ಸಾಫ್!" ಎಂದೆ ಹೆಮ್ಮೆಯಿಂದ.

ಅವರು ಗೇಟಿನ ಕಡೆ ನೋಡಿದರು. ನಾನೂ ನೋಡಿದೆ. ಆಗ ನನ್ನ ಹೆಮ್ಮೆಯೂ ಗಟಾರದಲ್ಲಿ ಗಟ್ಟಿಯಾಯಿತು. ಎಣ್ಣೆಯನ್ನು ಹಿಡಿಯುವ ಪೆಟ್ಟಿಗೆಯಲ್ಲಿ ಎಣ್ಣೆ ಇಲ್ಲದಿರುವುದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಜಿಡ್ಡನ್ನು ಕರಗಿಸಬಾರದು, ಎತ್ತಿ ಡ್ರಮ್ಮಿಗೆ ಹಾಕಿ ಅದನ್ನು ಒಯ್ಯುವ ಗಾಡಿಗೆ ಕೊಡಬೇಕು ಎಂದರು ಮೇಡಂ. ಕೂರಿಸಲು ಬಂದವನು ಸೋಮವಾರ ಹೇಳುತ್ತಿದ್ದದ್ದು ಇದೇ ಇರಬೇಕು!

ಗಟಾರ ತೆರವಾಗಿ, ಪೆಟ್ಟಿಗೆ ಸರಿಯಾಗಿ ನಡೆಯುವವರೆಗೆ ಹೋಟೆಲ್ ಬಂದ್. ನಮ್ಮವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿಗಳಲ್ಲಿ ಕಣ್ಣು ಮುಚ್ಚಿದರೆ ಸಾಕು, ಇವರು ಮೊಣಕಾಲೂರುತ್ತಾರೆ, ಕೈ ಚಾಚುತ್ತಾರೆ. ನನ್ನ ಕನಸಿನಲ್ಲಿ ಕಾಕಾ ಸಾಂಬಾರಿಗೆ ಕೂಗದೆ ವಡೆಯಷ್ಟೇ ತಿಂದು ಎದ್ದು ಹೋಗುತ್ತಾರೆ. ಬೆಚ್ಚಿ ಎದ್ದು ಇವರ ಮುಖ ಮುಟ್ಟಿ ನೋಡುತ್ತೇನೆ. "ಇದ್ದೇನೆ ಮಾರಾಯ್ತಿ, ಮಲಗು" ಎನ್ನುತ್ತಾರೆ.

ಗಟಾರ ತೆರವಾಯಿತು. ಭಟ್ರು ಪೆಟ್ಟಿಗೆಯ ಕುಂಕುಮ ಒರೆಸಿ, ಅದರ ದೇವತ್ವವನ್ನು ಅಧಿಕೃತವಾಗಿ ಹಿಂತೆಗೆದುಕೊಂಡು, ದೋಸೆ ಮಗುಚುವ ಹಳೇ ಸಟ್ಟುಗದಿಂದ ತಾವೇ ಜಿಡ್ಡು ಎತ್ತತೊಡಗಿದರು. ಮೇಡಂ ಮತ್ತೆ ಬಂದು ಡ್ರಮ್ಮಿನೊಳಗೆ ಇಣುಕಿ, ಆ ಕೊಳಕನ್ನು ಕಂಡು ಮೊದಲ ಸಲ ನಕ್ಕರು. "ಆತ್ತಾ ಬರೋಬರ್!" ಈಗ ಸರಿಯಾಯಿತು ಎಂದು ಕಾಫಿಯನ್ನೂ ಕುಡಿದರು. ಬಾಗಿಲು ತೆರೆದ ದಿನ ಮೊದಲು ಬಂದವರು ಕಾಕಾ. ಅವರು ಕೂಗುವ ಮೊದಲೇ ನಮ್ಮವರು ಸಾಂಬಾರ್ ಹಿಡಿದು ನಿಂತಿದ್ದರು.

ಅವತ್ತು ನಾನು ಒಮ್ಮೆಯೂ ಬೆಚ್ಚದೆ ಬೆಳಗಾಗುವವರೆಗೆ ನಿದ್ದೆ ಮಾಡಿದೆ. ಎದ್ದು ನೋಡಿದರೆ, ಮನೆಯ ಸಿಂಕಿನ ಕೆಳಗೆ ಸೋಪಿನ ಪುಡಿ ಇಡುವ ಕಪಾಟಿಗೆ ಬೀಗ ಬಿದ್ದಿತ್ತು. ಕೀಲಿ ಎಲ್ಲಿ ಎಂದು ಕೇಳಿದೆ.

"ಭಟ್ರ ಜನಿವಾರದಲ್ಲಿ" ಎಂದರು ಇವರು.