ಎಂಟಕ್ಕೆ ಹೋಗಿ ಹನ್ನೊಂದಕ್ಕೆ ಬರುವ ನೆಟ್ಟು

"ಕಂಪೆನಿಯವರು ಯಾರೂ ಬೇಡ! ಈ ರೂಟರನ್ನು ನಾನೇ ಸರಿ ಮಾಡ್ತೇನೆ!"

ಸೋಮವಾರ ಬೆಳಿಗ್ಗೆ ಮಂಗಳೂರಿನ ಕದ್ರಿಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಘೋಷಿಸುವ ಅರ್ಹತೆಯೂ ನನಗಿತ್ತು. ನಾನು ಸೆವರಿನ್ ಲಸ್ರಾದೊ, ಇಪ್ಪತ್ತೆಂಟು ವರ್ಷ ಐಟಿಐಯಲ್ಲಿ ವಯರಿಂಗ್ ಕಲಿಸಿ ನಿವೃತ್ತನಾದವನು. ನನ್ನ ಕೈಯಲ್ಲಿ ಪಾಸಾದವರು ದುಬೈಯ ಗಗನಚುಂಬಿಗಳಿಗೆ ಬೆಳಕು ಕೊಟ್ಟಿದ್ದಾರೆ. ಅಂಥ ನಾನು ಒಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ ಹೆದರುವುದೇ?

ಹೆದರಿದ್ದು ನನ್ನ ಹೆಂಡತಿ ಹೆಲನ್. ಅವಳೂ ನಿವೃತ್ತ ಟೀಚರ್. ಮಸ್ಕತ್ತಿನ ಹನ್ನೊಂದು ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುವ ಅವಕಾಶ ಅವಳಿಗೆ ಬಂದಿತ್ತು. ಶನಿವಾರ ಒಂಬತ್ತೂವರೆಗೆ ಮೊದಲ ಪಾಠ, ತಂದೆತಾಯಂದಿರೆಲ್ಲ ಕೂತು ನೋಡುತ್ತಾರಂತೆ. ಅವರಿಗೆ ಹಿಡಿಸಿದರೆ ಮುಂದಿನ ಪಾಠ, ಇಲ್ಲದಿದ್ದರೆ ಬೇರೆ ಟೀಚರ್.

"ನೆಟ್ಟು ದಿನಾ ಎಂಟಕ್ಕೆ ಹೋಗ್ತದೆ, ಹನ್ನೊಂದಕ್ಕೆ ಬರ್ತದೆ. ಒಂಬತ್ತೂವರೆಗೆ ನಾನು ಎಂತ ಮಾಡುದು ಮಾರಾಯ್ರೆ? ಕಪ್ಪು ಸ್ಕ್ರೀನ್ ತೋರಿಸಿ ಅಮಾವಾಸ್ಯೆ ಅಂತ ಪಾಠ ಮಾಡ್ಲಾ?"

"ಶನಿವಾರಕ್ಕೆ ಇನ್ನೂ ಐದು ದಿನ ಉಂಟು. ನೀನು ಪಾಠ ತಯಾರು ಮಾಡು!"

ಸೋಮವಾರ ರೂಟರನ್ನು ಆಫ್ ಮಾಡಿ ಆನ್ ಮಾಡಿದೆ. ಹನ್ನೊಂದಕ್ಕೆ ನೆಟ್ಟು ಬಂತು! ಮಂಗಳವಾರ ಎಂಟಕ್ಕೆ ಹೋಯಿತು. ರೂಟರನ್ನು ಕಪಾಟಿನ ನೆತ್ತಿಗೇರಿಸಿದೆ. ಹನ್ನೊಂದಕ್ಕೆ ಬಂತು! ಬುಧವಾರ ಮತ್ತೆ ಹೋದಾಗ ಮೇಲಿನ ಮಾಳಿಗೆಯ ಲೆಸ್ಟರ್ ಇಳಿದು ಬಂದು, ವೈದ್ಯರಂತೆ ತಲೆ ಓರೆ ಮಾಡಿ ರೂಟರನ್ನು ನೋಡಿದ.

"ಇದು ಟವರ್ ಪ್ರಾಬ್ಲೆಮ್ ಮಾರಾಯ. ಹಿಂದೆ ಒಂದು ಸ್ಟೀಲ್ ತಟ್ಟೆ ನಿಲ್ಲಿಸು, ಸಿಗ್ನಲ್ ಎದ್ದು ಬರ್ತದೆ."

ಇಡ್ಲಿಯಂಥ ಸನ್ನ ಬೇಯಿಸುವ ಪಾತ್ರೆಯ ಮುಚ್ಚಳವನ್ನೇ ನಿಲ್ಲಿಸಿದೆ. ಹನ್ನೊಂದಕ್ಕೆ ಬಂತು! ಹೀಗೆ ಪ್ರತಿದಿನ ಹನ್ನೊಂದಕ್ಕೆ ಗೆಲ್ಲುತ್ತ, ಮರುದಿನ ಎಂಟಕ್ಕೆ ಸೋಲುತ್ತ ಗುರುವಾರವೂ ಕಳೆಯಿತು.

"ಉಳ್ಳಾಲದ ಮೀನುಗಾರರ ನೆಟ್ಟಿನಲ್ಲಿ ಬಂಗುಡೆಯಾದ್ರೂ ಸಿಗ್ತದೆ," ಎಂದಳು ಹೆಲನ್, ಮುಚ್ಚಳ ಕಿತ್ತುಕೊಂಡು ಅಡುಗೆಮನೆಗೆ ಹೋಗುತ್ತ. "ನಮ್ಮ ನೆಟ್ಟಿನಲ್ಲಿ ನೆಟ್ಟೇ ಸಿಗುದಿಲ್ಲ."

ಈ ಮಾತು ನನ್ನ ಎದೆಗೆ ನಾಟಿತು. ಶುಕ್ರವಾರ ನಾನು ಬ್ರಹ್ಮಾಸ್ತ್ರವನ್ನೇ ತೆಗೆದೆ. ರೂಟರಿನ ಬೆನ್ನಲ್ಲಿ ಒಂದು ಸಣ್ಣ ತೂತು ಇತ್ತು. ತೂತು ಇಟ್ಟವನು ಸುಮ್ಮನೆ ಇಟ್ಟಿರುತ್ತಾನೆಯೆ? ಹೆಲನಳ ಕಿವಿಯೋಲೆಯ ಕಡ್ಡಿಯನ್ನು ಅದಕ್ಕೆ ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆಗೇ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಎಂಥ ಸೊಗಸು! ಆದರೆ ರೂಟರಿಗೆ ಪೂರ್ವಜನ್ಮದ ಸ್ಮರಣೆಯೇ ಅಳಿಸಿಹೋಗಿತ್ತು. ನಮ್ಮ ಹೆಸರು ಗೊತ್ತಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲ. ಅಂದು ಹನ್ನೊಂದಕ್ಕೂ ನೆಟ್ಟು ಬರಲಿಲ್ಲ, ರಾತ್ರಿಗೂ ಬರಲಿಲ್ಲ.

ಶನಿವಾರ ಒಂಬತ್ತಕ್ಕೆ ಹೆಲನ್ ಮೊಬೈಲಿನ ನೆಟ್ಟಿನಲ್ಲೇ ಪಾಠ ಮಾಡಲು ಎದ್ದಳು. ಮೊಬೈಲಿಗೆ ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ, ಮೆಟ್ಟಿಲಿನ ತಿರುವಿನಲ್ಲಿ ಮಾತ್ರ ಸ್ವಲ್ಪ ಉಂಟು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಅವಳು ಹೊರಟಳು.

"ಕುರ್ಚಿ ನಾನು ಹಿಡೀತೇನೆ," ಎಂದೆ.

"ನೀವು ಎಂತದನ್ನೂ ಹಿಡೀಬೇಡಿ!"

ಅವಳ ಕಣ್ಣಿನಲ್ಲಿ ನೀರಿತ್ತು. ನನ್ನ ಇಪ್ಪತ್ತೆಂಟು ವರ್ಷದ ಸೇವೆ ಆ ಕ್ಷಣ ಸೊನ್ನೆಯಾಯಿತು.

ಅವಳು ಇಳಿದು ಮುಕ್ಕಾಲು ಗಂಟೆಗೆ ಹೆಲ್ಮೆಟ್ ಹಿಡಿದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. "ಭವ್ಯಶ್ರೀ ಅಂತ ಸರ್, ನೆಟ್ ಕಂಪೆನಿಯಿಂದ. ನಿನ್ನೆ ಮೇಡಂ ಕಂಪ್ಲೇಂಟ್ ಕೊಟ್ಟಿದ್ರಲ್ಲ?"

ನನಗೆ ಗೊತ್ತಿಲ್ಲದ ಹಾಗೆ! ಸೋತರೂ ಮೇಷ್ಟ್ರು ಮೇಷ್ಟ್ರೇ. ಗಂಟಲು ಸರಿಮಾಡಿಕೊಂಡು, "ಇದು ಟವರ್ ಪ್ರಾಬ್ಲೆಮ್. ಅದಿರಲಿ, ನಿನಗೆ ಓಮ್ಸ್ ನಿಯಮ ಗೊತ್ತುಂಟಾ?" ಎಂದೆ.

"ಗೊತ್ತುಂಟು ಸರ್. ಆದ್ರೆ ಈ ಕೇಬಲಿನಲ್ಲಿ ಕರೆಂಟೇ ಇಲ್ಲ."

"ಕರೆಂಟಿಲ್ಲವಾ? ಮತ್ತೆ ಎಂತ ಉಂಟು?"

"ಬೆಳಕು."

ಅವಳು ಚೀಲದಿಂದ ಒಂದು ಕೇಬಲಿನ ತುಂಡು ತೆಗೆದು ಸಿಪ್ಪೆ ಸುಲಿದು ತೋರಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ, ಏನೂ ಕಾಣಲಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದಾಗ ಒಂದು ಎಳೆ ಮಿಂಚಿತು.

"ಗಾಜು ಸರ್. ಕೂದಲಿನಷ್ಟೇ ಸಪೂರ. ನೀವು ನೋಡುದು, ಮಾತಾಡುದು ಎಲ್ಲ ಇದ್ರೊಳಗೆ ಬೆಳಕಾಗಿ ಓಡ್ತದೆ."

ಎಳೆಯನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದೆ. ಕುವೈತಿನ ಬಾವನ ನಗು, ಭಾನುವಾರದ ಪೂಜೆಯ ಹಾಡು, ಸಮುದ್ರದಾಚೆಯ ಮಕ್ಕಳ ಮುಖ, ಎಲ್ಲವೂ ಈ ಎಳೆಯಲ್ಲಿ ಮಿಣುಕುತ್ತ ನನ್ನ ಮನೆಗೆ ಬರುತ್ತಿದ್ದವೆ? ನಾನೋ, ವೈರು ಎಂದರೆ ತಾಮ್ರ ಎಂದು ಹಾಡುತ್ತಲೇ ನಿವೃತ್ತನಾದವನು!

ಭವ್ಯಶ್ರೀ ಪೆನ್ನಿನಂಥ ಒಂದು ಟಾರ್ಚನ್ನು ನಮ್ಮ ಕೇಬಲಿನ ತುದಿಗೆ ಸಿಕ್ಕಿಸಿ, "ಬನ್ನಿ ಸರ್," ಎಂದು ಬಾಲ್ಕನಿಗೆ ನಡೆದಳು. ಅಲ್ಲಿ ಗ್ರಿಲ್ಲಿನ ಉದ್ದಕ್ಕೂ ಬಿಳಿ ಕೇಬಲು ಹಾದುಹೋಗಿತ್ತು. ಅದರ ಒಂದೇ ಒಂದು ಕಡೆ, ಮಿಣಿಮಿಣಿ ಎಂದು ಕೆಂಪು ಬೆಳಕು ಒಳಗಿನಿಂದಲೇ ಸೋರುತ್ತಿತ್ತು. ಇಗರ್ಜಿಯೊಳಗೆ ಶಿಲುಬೆಯ ಮುಂದೆ ನಿಂತವನಂತೆ ನನ್ನ ಕೈ ತಾನಾಗಿ ಎದೆಯ ಮೇಲೆ ಬಂತು.

ಆ ಬೆಳಕಿನ ಪಕ್ಕದಲ್ಲಿ, ಅದೇ ಕೇಬಲಿಗೆ ಎರಡು ಕ್ಲಿಪ್ಪು ಹಾಕಿಸಿಕೊಂಡು, ನನ್ನ ಸ್ನಾನದ ಟವೆಲು ತೊಟ್ಟಿಕ್ಕುತ್ತಿತ್ತು. ಬಾವ ಕುವೈತಿನಿಂದ ತಂದದ್ದು. ಒದ್ದೆಯಾದರೆ ಕರುವಿನಷ್ಟು ಭಾರ!

"ಎಂಟಕ್ಕೆ ಸ್ನಾನ ಮಾಡ್ತೀರಾ ಸರ್?"

"ಹೌದು."

"ಟವೆಲ್ ಹನ್ನೊಂದಕ್ಕೆ ಒಣಗ್ತದಾ?"

"ಒಣಗ್ತದೆ. ಹೆಲನ್ ಮಡಚಿ ಇಡ್ತಾಳೆ."

"ಹಾಗಾದ್ರೆ ಇದು ಟವರ್ ಪ್ರಾಬ್ಲೆಮ್ ಅಲ್ಲ ಸರ್, ಟವೆಲ್ ಪ್ರಾಬ್ಲೆಮ್! ಭಾರಕ್ಕೆ ಗಾಜು ಬಗ್ಗಿ ಬೆಳಕು ಹೊರಗೆ ಚೆಲ್ತಾ ಉಂಟು."

ಬಟ್ಟೆ ಒಣಗಿಸುವ ಹಗ್ಗ ತುಂಬಿತ್ತೆಂದು ಹೋದ ವಾರ ನಾನೇ ಕಂಡುಹಿಡಿದ ಹೊಸ ಹಗ್ಗ ಅದು! ಟವೆಲನ್ನು ಮಗುವನ್ನು ಎತ್ತುವಂತೆ ಎತ್ತಿ ಎದೆಗವಚಿಕೊಂಡೆ. ಅಂಗಿ ಒದ್ದೆಯಾಯಿತು. ಕೆಂಪು ಬೆಳಕು ಮೆಲ್ಲಗೆ ಒಳಗೆ ಹೋಯಿತು.

ನಾನು ಅಳಿಸಿದ ಸ್ಮರಣೆಯನ್ನೆಲ್ಲ ಭವ್ಯಶ್ರೀ ಹತ್ತು ನಿಮಿಷದಲ್ಲಿ ರೂಟರಿಗೆ ಮರಳಿಸಿದಳು. ಅಷ್ಟರಲ್ಲಿ ಹೆಲನ್ ಮೆಟ್ಟಿಲೇರಿ ಬಂದಳು. ಮುಖ ಅರಳಿತ್ತು.

"ಎಲ್ಲ ಮಕ್ಕಳೂ ಬರ್ತಾರಂತೆ! ಪಾಠದ ನಡುವೆ ಮೀನಿನವರು ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದ್ರು. ಮಕ್ಕಳು ಅವ್ರ ಹತ್ರವೇ ಕನ್ನಡದಲ್ಲಿ ಮೀನಿನ ಹೆಸರು ಕೇಳಿ ಕಲ್ತ್ರು. ಮುಂದೆಯೂ ಮೆಟ್ಟಿಲಲ್ಲೇ ಪಾಠ ಮಾಡ್ಬೇಕಂತೆ!"

ನನಗೆ ಜೀವ ಬಂತು. ಬೆಳಕಿನ ಬಗ್ಗೆ, ಗಾಜಿನ ಬಗ್ಗೆ, ಟವೆಲಿನ ಬಗ್ಗೆ ಎಲ್ಲವನ್ನೂ ಒಪ್ಪಿಕೊಂಡೆ. ಹೆಲನ್ ಸೊಂಟಕ್ಕೆ ಕೈಯಿಟ್ಟು ಕೊನೆಯವರೆಗೂ ಕೇಳಿದಳು.

ಭವ್ಯಶ್ರೀ ಮೊಬೈಲ್ ತೆಗೆದಳು. "ಕಂಪ್ಲೇಂಟ್ ಕ್ಲೋಸ್ ಮಾಡ್ಬೇಕು ಮೇಡಂ. ಕಾರಣ ಎಂತ ಅಂತ ಹಾಕ್ಲಿ?"

"ಗಂಡ ಅಂತ ಹಾಕು," ಎಂದಳು ಹೆಲನ್.

ಭವ್ಯಶ್ರೀ ನಗಲಿಲ್ಲ. ಬೆರಳಿನಿಂದ ಸ್ಕ್ರೀನನ್ನು ಕೆಳಕ್ಕೆ ಸರಿಸುತ್ತ ಹೇಳಿದಳು:

"ಅದಕ್ಕೆ ಬೇರೆಯೇ ಕಾಲಂ ಉಂಟು ಮೇಡಂ. ಮಂಗಳೂರಲ್ಲಿ ಜಾಸ್ತಿ ಅದೇ ಬರುದು."