ಪರದೆಯಾಚೆಯ ಉತ್ತರಗಳು

ನಮ್ಮ ದವಾಖಾನೆಯಲ್ಲಿ ಪ್ರಶ್ನೆ ಕೇಳುವುದಷ್ಟೇ ನನ್ನ ಕೆಲಸ. ಉತ್ತರ ಹೇಳುವ ಜವಾಬ್ದಾರಿಯನ್ನು ಪಾಳಿಗೆ ನಿಂತ ಜನ ತಾವಾಗಿಯೇ ವಹಿಸಿಕೊಂಡಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ದಾಂಡೇಲಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ವೈದ್ಯೆಯಾಗಿ ಹೋದೆ ನೋಡಿ, ಅಲ್ಲಿಂದ ಇದೇ ಪಾಡು.

೧. ಸಾಕ್ಷಿದಾರರು

ಜ್ವರ, ಕೆಮ್ಮು ಅಂತ ಬಂದವರಿಗೂ ಕುಡಿತದ ಬಗ್ಗೆ, ಮನಸ್ಸಿನ ಬೇಸರದ ಬಗ್ಗೆ ಒಂದು ಮಾತು ಕೇಳಿ ಎಂದು ಮೇಲಿನಿಂದ ಸೂಚನೆ ಬಂತು. ತರಬೇತಿಯಲ್ಲಿ ಹೇಳಿದ ಹಾಗೆ ಮೆತ್ತಗೆ ಕೇಳತೊಡಗಿದೆ.

ಮೊದಲು ಸಿಕ್ಕವನು ಹಳಿಯಾಳ ಕಡೆಯ ಒಬ್ಬ ರೈತ. ಶೆರೆ ಮುಟ್ಟುವುದೇ ಇಲ್ಲ ಎಂದ. ಹಿಂದೆ ನಿಂತವರಿಗೆಲ್ಲ ಒಮ್ಮೆಲೇ ಕೆಮ್ಮು ಬಂತು. ಬಿಪಿ ಗುಳಿಗೆಗೆ ಬರುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ಅವನ ಪರವಾಗಿ ನಿಂತಳು.

"ಖರೇ ಐತ್ರಿ ಬಾಯಾರ. ಮುಂಜಾನೆ ಮುಟ್ಟೂದಿಲ್ಲ."

ಅಜ್ಜಿಯೇ ಎಲ್ಲ ಹೇಳುವುದಾದರೆ ನನ್ನ ಸೂಜಿಯನ್ನೂ ಆಕೆಗೇ ಮಾಡಿ ಎಂದು ಅವನು ಎದ್ದೇ ಹೋದ.

೨. ಪರದೆ

ಹೀಗಾದರೆ ಯಾರು ಬಾಯಿ ಬಿಡುತ್ತಾರೆ? ನರ್ಸ್ ಮನೆಯಿಂದ ತಮ್ಮ ಹಳೆಯ ಸೀರೆ ತಂದು ಅಡ್ಡ ಕಟ್ಟಿದರು. ಅದರಿಂದ ಆದದ್ದು ಒಂದೇ. ಅಲ್ಲಿಯವರೆಗೆ ಉಳವಿ ಬಸ್ಸು, ಗೋವಿನಜೋಳದ ರೇಟು ಅಂತ ಗದ್ದಲ ಹಾಕುತ್ತಿದ್ದ ಜನ ಈಗ ಉಸಿರು ಹಿಡಿದು ಕಿವಿಗೊಟ್ಟು ಕೂತರು.

ಆ ವಾರ ಪರದೆಯ ಒಳಗೆ ಬಂದವಳು ಕಾಗದದ ಮಿಲ್ಲಿನ ಕೆಲಸಗಾರನೊಬ್ಬನ ಹೆಂಡತಿ, ಧಾರವಾಡದ ಕಡೆಯವಳು. ಒಂದು ವಾರ ತಲೆನೋವು, ಮರುವಾರ ಬೆನ್ನು, ಆಮೇಲೆ ಕಾಲು. ಪರೀಕ್ಷೆಯಲ್ಲಿ ಏನೂ ಸಿಗದು, ಆದರೆ ಮೈ ಮಾತ್ರ ಇಳಿಯುತ್ತಲೇ ಇತ್ತು. ನನಗೆ ನಿಜಕ್ಕೂ ಭಯವಾಗಿತ್ತು. ಮನಸ್ಸಿಗೆ ಬೇಸರವೇನಮ್ಮ ಎಂದು ಪಿಸುಮಾತಿನಲ್ಲಿ ಕೇಳಿದೆ.

"ಐತ್ರಿ," ಎಂದಿತು ಪರದೆಯ ಆಚೆಯಿಂದ ಅಜ್ಜಿಯ ದನಿ. "ಮಗಳ ಲಗ್ನ ಆದಾಗಿಂದ ಸರಿಯಾಗಿ ಉಂಡಿಲ್ಲ ಆಕಿ."

ಅವಳು ತಲೆ ತಗ್ಗಿಸಿ, ಒಂದು ಸೂಜಿ ಮಾಡಿಬಿಡ್ರಿ ಎಂದಷ್ಟೇ ಹೇಳಿದಳು.

೩. ಅದಲು ಬದಲು

ಮುಂದಿನ ವಾರ ಗಂಡನೂ ಬಂದ. ಆಕೆಗೆ ಮಾತಾಡಲು ಬರುವುದಿಲ್ಲ, ನಾನೇ ಹೇಳುತ್ತೇನೆ ಎಂದು ಹೆಂಡತಿಯ ನಿದ್ದೆ, ಊಟ, ನಿಟ್ಟುಸಿರು ಎಲ್ಲವನ್ನೂ ಒಪ್ಪಿಸಿದ. ಇಷ್ಟೆಲ್ಲ ಗೊತ್ತಿರುವವನು ಇಷ್ಟು ದಿನ ಎಲ್ಲಿದ್ದ ಎಂದು ಸಿಟ್ಟು ಬಂತು. ನೀವೆಷ್ಟು ಕುಡಿಯುತ್ತೀರಿ ಎಂದು ಅವನನ್ನೇ ಕೇಳಿದೆ. ಅವನು ಮೇಲೆ ತಿರುಗುವ ಫ್ಯಾನು ನೋಡಿದ. ಉತ್ತರ ಕೊಟ್ಟವಳು ಹೆಂಡತಿ!

ಆಗ ಹೊಳೆಯಿತು. ನಮ್ಮ ಜನ ತಮ್ಮದನ್ನು ಹೇಳಲಾರರು, ಇನ್ನೊಬ್ಬರದಾದರೆ ಬಾಯಿಪಾಠ. ಗಂಡನನ್ನು ಹೊರಗೆ ಕಳಿಸಿ, ಅವನ ಬಗ್ಗೆ ಹೇಳಮ್ಮ ಎಂದೆ. ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮಿಲ್ಲಿನ ಯಾವ ಪಾಳಿ ಮುಗಿಸಿ ಎಲ್ಲಿ ಕುಡಿಯುತ್ತಾನೆ, ಹೇಗೆ ಬಂದು ಬೀಳುತ್ತಾನೆ, ಎಲ್ಲ ಬಂತು. ಹೇಳುತ್ತ ಹೇಳುತ್ತ ತನ್ನಲ್ಲಿಗೇ ಬಂದಳು.

"ಅಂವ ಮಲಗ್ತಾನ್ರಿ. ನಾ ಎದ್ದ ಕೂತು ಅಳ್ತೇನಿ. ಯಾಕ ಅಂತ ನನಗೂ ತಿಳಿಯೂದಿಲ್ಲ."

ಅಂದು ಪರದೆಯ ಆಚೆ ಯಾರೂ ಕೆಮ್ಮಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು. ಅಜ್ಜಿ ಮಾತ್ರ ಮೆಲ್ಲಗೆ, ನಮ್ಮ ಪಾಳಿ ನಾಳೆಗಿರಲಿ, ಆಕೆಯದು ಇನ್ನೂ ಮುಗಿದಿಲ್ಲ ಎಂದಳು.

೪. ಹೊಸ ದನಿ

ಔಷಧಿ, ಮಾತು ಎರಡೂ ಹಿಡಿದವು. ಕೆಲವು ತಿಂಗಳಲ್ಲಿ ಅವಳು ಮೈ ತುಂಬಿಕೊಂಡಳು. ಗಂಡನೂ ಚಿಕಿತ್ಸೆಗೆ ಒಪ್ಪಿದ. ಒಂದು ದಿನ ಪರದೆಯ ಒಳಗೆ ಕೂತು, ಪೂರ್ತಿ ಬಿಟ್ಟಿದ್ದೇನೆ ಎಂದು ಎದೆ ಉಬ್ಬಿಸಿ ಹೇಳಿದ. ನಾನು ಅಭ್ಯಾಸಬಲದಿಂದ ಅಜ್ಜಿಯ ಉತ್ತರಕ್ಕೆ ಕಾದೆ. ಪರದೆಯ ಆಚೆಯಿಂದ ಬಂದ ದನಿ ಬೇರೆ, ಗಟ್ಟಿ ದನಿ. ಬಾಯಿ ಬಿಡದೆ ನನ್ನನ್ನು ಅಷ್ಟು ಕಾಡಿದ್ದ ಅದೇ ಹೆಂಡತಿಯದು.

"ಖರೇ ಐತ್ರಿ ಬಾಯಾರ. ಆದ್ರ ರವಿವಾರದ್ದು ಕೇಳಬ್ಯಾಡ್ರಿ."

ಇಡೀ ಪಾಳಿ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಪರದೆ ಸರಿಸಿ ಮುಖ ಒಳಗೆ ಹಾಕಿ ನನ್ನ ಮೇಲೇ ದೂರು ಹೇಳಿದಳು: "ಏನ್ ಗುಳಿಗಿ ಕೊಟ್ರಿ ಆಕೀಗೆ? ಈಗ ನನಗ ಮಾತಾಡಾಕ ಬಿಡವಲ್ಲಳು."