ಆಕಾಯ್ತಿಗೊಂದು ಗಾಳಿಮರೆ

ನಿನ್ನೆ ನರ್ಸಮ್ಮ ಹೇಳಿದ್ದು ಇಷ್ಟೇ: "ನಾಳೆ ಮಧ್ಯಾಹ್ನ ಡಾಕ್ಟರು ನೋಡಿದ ಮೇಲೆ ಮನೆಗೆ ಕರ್ಕೊಂಡು ಹೋಗಿ. ಎದೆಗೆ ಮಾತ್ರ ಗಾಳಿ ತಾಗಬಾರದು."

ಪೆಸಿಫಿಕ್ ಸಾಗರದ ನಡುವಿನ ರಾರೊತೊಂಗಾದಂಥ ದ್ವೀಪದಲ್ಲಿ, ಅದೂ ಆಗಸ್ಟ್ ತಿಂಗಳಲ್ಲಿ, ಗಾಳಿ ತಾಗಬಾರದು ಅನ್ನುವುದು ಮೀನಿಗೆ ನೀರು ತಾಗಬಾರದು ಅಂದ ಹಾಗೆ. ಆದರೆ ಹೆಂಡತಿ ಆಕಾಯ್ತಿಯ ವಿಷಯದಲ್ಲಿ ತಮರುವ ನರ್ಸಿನ ಮಾತನ್ನು ಬೈಬಲ್ಲಿಗಿಂತ ಒಂದು ಗುಂಜಿ ಹೆಚ್ಚೇ ನಂಬುವವನು. ಪಕ್ಕದ ಮನೆಯ ಕಿಮಿಯ ಹತ್ತಿರ ಪಿಕಪ್ ಇತ್ತು, ನಿಜ. ಆದರೆ ಆಕಾಯ್ತಿ ಪಿಕಪ್ ಹತ್ತಿದರೆ ಚರ್ಚು ದಾಟುವ ಮೊದಲೇ ವಾಂತಿ. ಮದುವೆಯ ದಿನ ಮನೆ ತುಂಬಿದ್ದೂ ಗಂಡನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು. ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಹೋದದ್ದೂ ಹಾಗೆಯೇ. "ನಿನ್ನ ಬೆನ್ನು ಬಿಟ್ಟು ಬೇರೆ ಗಾಡಿ ನಂಗೆ ಒಗ್ಗಲ್ಲ" ಎಂದು ನಿನ್ನೆ ಸಂಜೆಯೂ ಅಂದಿದ್ದಳು. ಹಾಡು ಕೇಳಲಿ ಎಂದು ಅವನು ತನ್ನ ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟು ಬಂದಿದ್ದ.

ಸ್ಕೂಟರಿನ ಮುಂದೆ ಗಾಳಿ ತಡೆಯಲು ಹಾಕುವ ಅಂಗಡಿಯ ಗಾಜು ಬೇಕೆಂದರೆ ಆಕ್ಲೆಂಡಿನಿಂದ ಹಡಗಿನಲ್ಲಿ ಬರಬೇಕು. ಅಷ್ಟರಲ್ಲಿ ಆಕಾಯ್ತಿಗೆ ಮುಂದಿನ ವರ್ಷದ ಕೆಮ್ಮು ಶುರುವಾಗಿರುತ್ತಿತ್ತು. ಹಾಗಾಗಿ ತಮರುವ ಬೆಳಿಗ್ಗೆ ಎದ್ದವನೇ ಕುಡಿಯುವ ನೀರಿನ ದೊಡ್ಡ ಪ್ಲಾಸ್ಟಿಕ್ ಕ್ಯಾನು ಎತ್ತಿಕೊಂಡು, ಕಾಯಿಸಿದ ಚಾಕುವಿನಿಂದ ಅದರ ಹೊಟ್ಟೆ ಸೀಳಿದ. ಕುದಿನೀರು ಸುರಿದು ಅರ್ಧಂಬರ್ಧ ಚಪ್ಪಟೆ ಮಾಡಿದ. ಅಂಚಿಗೆ ತೋಟದ ಪೈಪು ಸೀಳಿ ಸಿಕ್ಕಿಸಿದ. ಹಳೇ ರಬ್ಬರ್ ಚಪ್ಪಲಿ ಕತ್ತರಿಸಿ ವಾಷರು ಮಾಡಿ, ಸ್ಕೂಟರಿನ ಕನ್ನಡಿಯ ಕಂಬಗಳಿಗೆ ಕ್ಲಿಪ್ಪು ಹಾಕಿ ಸ್ಕ್ರೂ ಬಿಗಿದ. ನಿಂತು ನೋಡಿದರೆ ಸ್ಕೂಟರು ಕೊಡೆ ಹಿಡಿದ ಆಡಿನ ಹಾಗೆ ಕಂಡಿತು.

ಆಗ ಗೇಟಿನಲ್ಲಿ ಕಿಮಿ ಕಾಣಿಸಿಕೊಂಡ. ಯಾರ ಮನೆ ಕೋಳಿ ಮೊಟ್ಟೆಯಿಟ್ಟರೂ ಇಡೀ ತಿತಿಕವೆಕ ಊರಿಗೆ ಸಾರುವ ಮನುಷ್ಯ. ಇವತ್ತು ಟೋಪಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ.

"ತಮರುವ..."

"ಏನೋ?"

ಕಿಮಿ ಗಾಜಿನ ಕಡೆ ಬೆರಳು ತೋರಿಸಿದ. "ಅದು... ಎಡಕ್ಕೆ ವಾಲಿದೆ."

"ವಾಲಿರೋದು ನಿನ್ನ ಕತ್ತು!" ಎಂದರೂ ತಮರುವ ಬಿಚ್ಚಿ, ಅಂಚು ಕಾಯಿಸಿ ಬಗ್ಗಿಸಿ ಮತ್ತೆ ಕೂರಿಸಿದ. ಹೆಬ್ಬೆರಳು ಸುಟ್ಟುಕೊಂಡ. ಕಿಮಿ ಸ್ಕೂಟರು ಹಿಡಿದುಕೊಳ್ಳುತ್ತೇನೆಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಎದುರು ಮನೆಯ ರೂತಾ ಪಾತ್ರೆ ಹೊತ್ತು ಬಂದಳು. ಕೆಸುವಿನೆಲೆ, ತೆಂಗಿನ ಹಾಲು, ಮೇಲೆ ಹಬೆ.

"ಇಷ್ಟು ಬೇಗ ಅಡುಗೆಯಾ?" ಎಂದ ತಮರುವ.

"ಹಾಗೇ ಸುಮ್ನೆ ಮಾಡ್ದೆ. ಇದೇನಿದು, ಗಾಜು ಮುಂದೆ, ಅವಳು ಹಿಂದೆ..." ಎಂದು ಶುರು ಮಾಡಿದವಳು ಅಲ್ಲೇ ನಿಂತುಬಿಟ್ಟಳು. ಕಣ್ಣಲ್ಲಿ ನೀರು.

"ಹಿಂದೆ ಕೂರೋಳಿಗೆ ಮುಂದೆ ಗಾಜು ಯಾಕೆ ಅಂತ ತಾನೆ? ನನ್ನ ಮೈ ನೋಡು ತಾಯಿ, ದೋಣಿಯ ಹುಟ್ಟಿನ ಹಾಗಿದೆ. ಗಾಳಿ ಎರಡೂ ಪಕ್ಕದಿಂದ ನುಸುಳಿ ಅವಳನ್ನೇ ಹುಡುಕಿಕೊಂಡು ಹೋಗುತ್ತೆ. ಅಳ್ತಿದೀಯಾ?"

"ಪ್ಲಾಸ್ಟಿಕ್ ಹೊಗೆ ಕಣೋ," ಎಂದು ರೂತಾ ಅಡುಗೆಮನೆಗೆ ನುಗ್ಗಿದಳು. ಹೊಗೆ ಆರಿ ಬಹಳ ಹೊತ್ತಾಗಿತ್ತು.

ಅಷ್ಟರಲ್ಲಿ ಒಂದು ಬೋಲ್ಟು ಹುಲ್ಲಿಗೆ ಬಿತ್ತು. ತಮರುವ ಮೊಣಕಾಲೂರಿ ಕೋಳಿಯ ಹಾಗೆ ಕೆದಕತೊಡಗಿದ. ಕಿಮಿ ಓಡಿಹೋಗಿ ಹುಲ್ಲು ಕತ್ತರಿಸುವ ಯಂತ್ರ ತಂದು, "ಹುಲ್ಲು ತೆಗೆದ್ರೆ ಸಿಗುತ್ತೆ" ಎನ್ನುತ್ತಾ ಇಡೀ ಅಂಗಳ ಬೋಳಿಸಿದ. ಬೋಲ್ಟು ಯಂತ್ರಕ್ಕೆ ಸಿಕ್ಕಿ ಎಲ್ಲೋ ಹಾರಿತು. ಆ ಸದ್ದು ಅಡಗುವ ಮೊದಲೇ ಚರ್ಚಿನ ಹಾಡುಗಾರ ಯೋನಾ ನಾಲ್ಕು ಜನರೊಡನೆ ಟಾರ್ಪಾಲು, ಕಂಬ ಹೊತ್ತು ಬಂದ.

"ಇದು ಯಾಕೆ?"

ಯೋನಾ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಬಿಸಿಲಿಗೆ... ಪ್ಲಾಸ್ಟಿಕ್ ಸೊರಗುತ್ತೆ ಅಣ್ಣ."

"ಬಿಸಿಲೆಲ್ಲಿದೆಯೋ? ಮೋಡ!"

"ಮಳೆ ಬಂದ್ರೂ ಸೊರಗುತ್ತೆ," ಎಂದು ಯೋನಾ ಕಂಬ ನೆಡತೊಡಗಿದ. ಆಮೇಲೆ ಗಾಜಿನ ಹತ್ತಿರ ಬಂದು ಏನೋ ಹೇಳಲು ಹೋಗಿ, "ಇನ್ನೊಂದು ಸುತ್ತು ಬಿಗಿ ಮಾಡು" ಎಂದ. ಅವನ ಹಿಂದೆ ಬಂದವರೂ ಒಬ್ಬೊಬ್ಬರಾಗಿ ತಮರುವನ ಹೆಗಲ ಮೇಲೆ ಕೈಯಿಟ್ಟು, ಉಸಿರೆಳೆದು, ಕೊನೆಗೆ ಅದನ್ನೇ ಹೇಳಿದರು. ತಮರುವ ತಿರುಗಿಸಿ ತಿರುಗಿಸಿ ಸ್ಕ್ರೂಗಳ ತಲೆಗಳೇ ಸವೆದು ನುಣ್ಣಗಾದವು.

"ನಿಮಗೆಲ್ಲ ಬೇರೆ ಕೆಲಸ ಇಲ್ವಾ?" ಎಂದು ಕೊನೆಗೆ ಕೂಗಿದ. "ಒಂದು ಗಾಜು ಕೂರಿಸೋಕೆ ಊರ ತುಂಬ ಎಂಜಿನಿಯರುಗಳು! ಹಾದಿ ಬಿಡಿ. ಅವಳು ಕಾಯ್ತಿರ್ತಾಳೆ."

ಯಾರೂ ಹಾದಿ ಬಿಡಲಿಲ್ಲ. ಅವನು ಮುಖ ತೊಳೆದು, ಹೂವಿನ ಅಂಗಿ ತೊಟ್ಟು ಬಂದು ಸ್ಕೂಟರು ಹತ್ತಿದ. ಬಟನ್ ಒತ್ತಿದ. ಇಂಜಿನು ಮಾತಾಡಲಿಲ್ಲ. ಒದ್ದ. ಬೈದ. ಮತ್ತೆ ಒದ್ದ. ಇಳಿದು ಬಗ್ಗಿ ನೋಡಿದರೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಸಹಾಯಕ್ಕೆಂದು ಜೊತೆಗೆ ಬಗ್ಗಿದ ಕಿಮಿಯ ಅಂಗಿ ಜೇಬಿನಿಂದ ಅದು ಟಣ್ಣನೆ ಕೆಳಗೆ ಬಿತ್ತು.

"ಕಳ್ಳ ನನ್ಮಗನೆ!" ತಮರುವ ಅವನ ಕೊರಳಪಟ್ಟಿ ಹಿಡಿದ. "ಬೆಳಿಗ್ಗೆಯಿಂದ ಕಾಲೆಳೀತಿದೀಯ. ಅವಳು ಮನೆಗೆ ಬರೋದು ನಿಂಗೆ ಬೇಡವಾ?"

ಕಿಮಿ ಬಿಡಿಸಿಕೊಳ್ಳಲಿಲ್ಲ. "ನೀನೊಬ್ಬನೇ... ಆ ಆಸ್ಪತ್ರೆ ಗುಡ್ಡ ಹತ್ತಬಾರದು ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಗೇಟಿನ ಹೊರಗೆ ಪಾದ್ರಿಗಳ ಕಾರು ನಿಂತಿತು. ಅದರಿಂದ ಆಕಾಯ್ತಿಯ ತಮ್ಮ ತೋಕಾ ಇಳಿದ. ಸಮುದ್ರದಿಂದ ನೇರವಾಗಿ ಬಂದಿದ್ದ. ಚಡ್ಡಿ ಇನ್ನೂ ಒದ್ದೆ, ಮೊಣಕೈಗೆ ಮೀನಿನ ಹುರುಪೆ ಅಂಟಿತ್ತು. ಬೆಳಿಗ್ಗೆ ಆಸ್ಪತ್ರೆಯವರು ಕಿಮಿಯ ಮನೆಗೆ ಫೋನು ಮಾಡಿದಾಗಿನಿಂದ ಊರವರು ತೋಕಾನ ದೋಣಿಗಾಗಿಯೇ ಕಾಯುತ್ತಿದ್ದರು. ಇಂಥ ಸುದ್ದಿಯನ್ನು ರಕ್ತಸಂಬಂಧಿಯೇ ಹೇಳಬೇಕೆಂಬುದು ಅಲ್ಲಿಯ ವಾಡಿಕೆ.

"ಭಾವ," ಎಂದ ತೋಕಾ. "ಅಕ್ಕ ಹೋಗಿಬಿಟ್ಲು ಭಾವ. ಬೆಳಗಿನ ಜಾವ, ನಿದ್ದೆಯಲ್ಲೇ."

ತಮರುವನ ಕೈ ಕಿಮಿಯ ಕೊರಳಪಟ್ಟಿಯ ಮೇಲೆಯೇ ಉಳಿದಿತ್ತು. ಅವನು ಸುತ್ತ ನಿಂತವರ ಮುಖ ಒಂದೊಂದಾಗಿ ನೋಡಿದ. ಒಬ್ಬರೂ ಕಣ್ಣೆತ್ತಲಿಲ್ಲ. ಆಮೇಲೆ ಅವನೇ ಸುಕ್ಕಾದ ಆ ಕೊರಳಪಟ್ಟಿಯನ್ನು ನಿಧಾನವಾಗಿ ತೀಡಿ ಸರಿಮಾಡಿದ.

"ಪ್ಲಗ್ ಹಾಕು," ಎಂದ.

"ನನ್ನ ಪಿಕಪ್ಪಲ್ಲಿ ಹೋಗೋಣ ಕಣೋ."

"ಅವಳನ್ನ ಅದರಲ್ಲೇ ಕರ್ಕೊಂಡು ಬಾ. ಇನ್ನೇನು ವಾಂತಿ ಆಗಲ್ಲ." ಅಷ್ಟು ಹೇಳಿ ತುಟಿ ಕಚ್ಚಿಕೊಂಡ.

ಸಂಜೆಗೆ ಆಕಾಯ್ತಿ ಆಸ್ಪತ್ರೆಯಿಂದ ಮನೆಗೆ ಹೊರಟಳು. ಮುಂದೆ ತಮರುವನ ಸ್ಕೂಟರು, ಹಿಂದೆ ತೋಕಾ ಅವನ ಸೊಂಟ ಹಿಡಿದು ಕೂತಿದ್ದ. ಅದರ ಹಿಂದೆ ಚಾಪೆ, ಹೂವು ಮುಚ್ಚಿದ ಪಿಕಪ್ಪು. ಆಮೇಲೆ ಊರವರ ಸ್ಕೂಟರುಗಳ ಸಾಲು. ಕಡಲ ದಂಡೆಯಲ್ಲಿ ಗಾಳಿ ತೆಂಗಿನ ಗರಿಗಳನ್ನು ಮಡಚಿ ಹಾಕುತ್ತಿತ್ತು. ತಮರುವನ ಮುಖಕ್ಕೆ ಮಾತ್ರ ಗಾಳಿಯ ಒಂದು ಎಳೆಯೂ ತಾಗಲಿಲ್ಲ. ಆ ಪ್ಲಾಸ್ಟಿಕ್ಕಿನ ಹಿಂದೆ ಅವನ ಉಸಿರೇ ಅವನಿಗೆ ಕೇಳುತ್ತಿತ್ತು.

ಅರ್ಧ ದಾರಿಯಲ್ಲಿ ಅವನು ಸ್ಕೂಟರು ನಿಲ್ಲಿಸಿದ. ಸಾಲು ಪೂರ್ತಿ ನಿಂತಿತು.

"ಇದನ್ನ ತೆಗೀಬೇಕು," ಎಂದ. "ಉಸಿರು ಕಟ್ತಿದೆ ನಂಗೆ. ಸ್ವಲ್ಪ ಗಾಳಿ ಬೇಕು."

ಕಿಮಿ ಸ್ಕ್ರೂಡ್ರೈವರು ತಂದ. ನುಣ್ಣಗಾದ ತಲೆಗಳ ಮೇಲೆ ಅದು ಜಾರಿತು. ಯೋನಾ ಇಕ್ಕಳ ಹಾಕಿ ನೋಡಿದ. ರೂತಾ ಕೈಯಲ್ಲೇ ಎಳೆದಳು. ಆಮೇಲೆ ಎಲ್ಲರೂ ಸೇರಿ ಹಿಡಿದು ಅಲ್ಲಾಡಿಸಿದರು. ಸ್ಕೂಟರೇ ಅಲ್ಲಾಡಿತು, ಗಾಜು ಅಲ್ಲಾಡಲಿಲ್ಲ.

"ಬಿಡ್ರೋ," ಎಂದ ತಮರುವ ಕೊನೆಗೆ. "ಗಟ್ಟಿಯಾಗಿ ಕೂತಿದೆ."

ಮತ್ತೆ ಸ್ಕೂಟರು ಹತ್ತಿ, ಮನೆಯ ಕಡೆ ನಿಧಾನವಾಗಿ ಹೊರಟ.